ತಿಪ್ಪಣ್ಣ ಬಿಡಿಸಿ ಹೇಳಿದ ಬಯಾಸ್ಕೋಪು

ನಿನ್ನೆ ಪಕ್ಕದ ಬೀದಿಯ ಮದುವೆ ಮೆರವಣಿಗೆಯಲ್ಲಿ ಯಾರೋ ಹಳೆಯ ಕಾರ್ಬೈಡ್ ದೀಪ ಹಚ್ಚಿದ್ದರು. ಬೆಳ್ಳುಳ್ಳಿ ಕೊಳೆತಂಥ ಆ ವಾಸನೆಗೆ ಮನೆಯವರೆಲ್ಲ ಮೂಗು ಮುಚ್ಚಿಕೊಂಡರೆ, ನಾನೊಬ್ಬ ಕಿಟಕಿ ತೆರೆದು ಕೂತೆ. ನೀವು ನಗಬಹುದು. ನನ್ನ ಪಾಲಿಗೆ ಅದು, ಅಂಥದೇ ದೀಪ ಉರಿಯುತ್ತಿದ್ದ ಹಿರಿಯೂರಿನ ಬಯಾಸ್ಕೋಪ್ ಡೇರೆಯ ವಾಸನೆ.

ಆಗ ಚಿತ್ರಗಳಿಗೆ ಮಾತಿರಲಿಲ್ಲ. ಪರದೆಯ ಮೇಲೆ ನಡುನಡುವೆ ಇಂಗ್ಲಿಷ್ ಅಕ್ಷರ ಬರುತ್ತಿತ್ತು. ಪಕ್ಕದಲ್ಲಿ ಕೋಲು ಹಿಡಿದು ನಿಂತ ತಿಪ್ಪಣ್ಣ ಜನಕ್ಕೆ ಕಥೆಯನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದ. ಅವನಿಗೆ ಇಂಗ್ಲಿಷ್ ಬಾರದು. ಅದಕ್ಕೇ ಊರ ಮೇಷ್ಟ್ರಾದ ನಾನು ಅವನ ಕಾಲ ಬಳಿ ಕೂತು, ಓದಿ, ಅರ್ಥ ಪಿಸುಗುಟ್ಟಬೇಕು. ನನ್ನ ಇಂಗ್ಲಿಷೇನು ಮಹಾ! ಅರ್ಧ ಓದುವಷ್ಟರಲ್ಲಿ ಅಕ್ಷರ ಮಾಯ. ಉಳಿದರ್ಧ ನಾನೇ ಕಟ್ಟುತ್ತಿದ್ದೆ. ಒಮ್ಮೆ ಗಂಡಹೆಂಡಿರನ್ನು ಅಣ್ಣತಂಗಿ ಮಾಡಿ ಡೇರೆಯಲ್ಲಿ ದೊಡ್ಡ ಗಲಾಟೆಯೇ ಆಯಿತು.

ತಿಪ್ಪಣ್ಣನ ಊರು ಜವನಗೊಂಡನಹಳ್ಳಿ. ಅವನ ಅಣ್ಣ ಈರಣ್ಣ ಹೊಳಲ್ಕೆರೆ ಕಡೆಯ ಗಣಿಯೊಂದರಲ್ಲಿ ಕೂಲಿಗಿದ್ದ. ಕುದುರೆಗೆ ನೀರು ತರುವುದು ತಡವಾಯಿತೆಂದು ಬಿಳಿ ದೊರೆಯೊಬ್ಬ ಅವನನ್ನು "ಕರಿ ನಾಯಿ" ಎಂದು ಬೈಯುತ್ತ ಬೂಟುಗಾಲಿನಲ್ಲಿ ಒದ್ದು ಕೊಂದಿದ್ದ. ಕಚೇರಿಯ ಕಾಗದದಲ್ಲಿ ಮಾತ್ರ, ಹೊಟ್ಟೆಯೊಳಗಿನ ಗುಲ್ಮ ಮೊದಲೇ ಊದಿತ್ತು, ಆ ಕಾಯಿಲೆಯಿಂದ ಸತ್ತ ಎಂದು ಬರೆದು ಕೈತೊಳೆದುಕೊಂಡರು. ಅವರ ತಾಯಿ ಗೌರಮ್ಮ ಕಂಡಕಂಡವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು: "ನನ್ ಮಗ ಕಾಯ್ಲೆ ಬಿದ್ದು ಸತ್ತೋನಲ್ಲ ಕಣ್ರಪ್ಪ. ನಾಕ್ ಜನದ ಮುಂದೆ ಯಾರಾದ್ರೂ ಅಷ್ಟು ಹೇಳ್ರಿ." ಯಾರು ಹೇಳಿಯಾರು? ಎಲ್ಲರಿಗೂ ಹೊಟ್ಟೆಪಾಡು.

ಒಂದು ಸಂಜೆ ಹೊಸ ನಗೆಚಿತ್ರ ಬಂದಿತ್ತು. ಕುರ್ಚಿಯಲ್ಲಿ ಗಣಿಗೆ ಹೊಸದಾಗಿ ಬಂದ ದೊರೆ, ಪಕ್ಕದಲ್ಲಿ ತಾಲ್ಲೂಕಿನ ಅಧಿಕಾರಿ ಅಮಲ್ದಾರರು. ಹೆಂಗಸರ ಚಾಪೆಯಲ್ಲಿ ಗೌರಮ್ಮ. ಪರದೆಯ ಮೇಲೆ ಒಬ್ಬ ಬಿಳಿಯ ತನ್ನ ಕರಿಯ ಆಳನ್ನು ಒದೆಯುತ್ತಾನೆ, ಆಳು ಉರುಳುತ್ತಾನೆ, ಮತ್ತೆ ಒದೆಯುತ್ತಾನೆ. ಜನ ಗೊಳ್ಳೆಂದು ನಗುತ್ತಿದ್ದರು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ. ಅಷ್ಟರಲ್ಲಿ ಅಕ್ಷರ ಬಂತು.

"ಏನೈತ್ರಿ ಮೇಷ್ಟ್ರೇ?" ಎಂದ ತಿಪ್ಪಣ್ಣ.

"ಕರಿ ಆಳಿಗೆ ತಕ್ಕ ಪಾಠ ಅಂತಪ್ಪ."

ತಿಪ್ಪಣ್ಣ ಚಿತ್ರದ ಯಂತ್ರ ತಿರುಗಿಸುವವನಿಗೆ ಕೂಗಿದ: "ನಿಧಾನಕ್ಕೆ ತಿರುಗ್ಸಪ್ಪ, ಜನ ನೋಡ್ಲಿ." ಕೋಲನ್ನು ಬಿದ್ದವನ ಮೇಲಿಟ್ಟ. "ನಗಬ್ಯಾಡ್ರಿ. ಇವನು ನಮ್ಮಣ್ಣ ಈರಣ್ಣ. ಕುದ್ರೆಗೆ ನೀರು ತರಾದು ತಡ ಆತು ಅಂತ ದೊರೆ ಒದೀತಾನೆ, ನೋಡ್ರಿ. ಇದು ಎಲ್ಡನೇ ಒದೆ. ಇದು ಮೂರ್ನೇದು. ಕಾಯ್ಲೆ ಅಲ್ಲ ಕಣ್ರಿ, ಕೊಲೆ!"

ನಗು ನಿಂತಿತು. ಕನ್ನಡ ಬಾರದ ಆ ಹೊಸ ದೊರೆ ಮಾತ್ರ ತೊಡೆ ತಟ್ಟಿಕೊಂಡು ನಗುತ್ತಲೇ ಇದ್ದ. ಗೌರಮ್ಮ ಎದ್ದು ನಿಂತಳು. "ಹೂಂ, ನನ್ ಮಗನೇ" ಎಂದಳು. ಅಳಲಿಲ್ಲ. ಅವಳ ಹಿಂದೆ ಒಬ್ಬೊಬ್ಬರಾಗಿ ಇಡೀ ಡೇರೆ ಎದ್ದು ನಿಂತಿತು. ಇಂಥ ಜನರ ನಡುವೆ ಮೇಷ್ಟ್ರಾಗಿದ್ದೆನಲ್ಲ ಎಂಬ ಹೆಮ್ಮೆ ನನಗೆ ಇಂದಿಗೂ ಇದೆ.

ಆಟ ಮುಗಿದ ಮೇಲೆ ಅಮಲ್ದಾರರು ನನ್ನನ್ನು ಕರೆದರು. ಅವರಿಗೆ ಕನ್ನಡವೂ ಬರುತ್ತಿತ್ತು, ಇಂಗ್ಲಿಷೂ.

"ಏನ್ರೀ ಮೇಷ್ಟ್ರೇ, ಪರದೆ ಮೇಲೆ ಏನು ಬರೆದಿತ್ತು?"

ತಿಪ್ಪಣ್ಣನ ಅನ್ನ, ನನ್ನ ನೌಕರಿ ಎರಡೂ ಆ ಒಂದು ಉತ್ತರದ ಮೇಲೆ ನಿಂತಿದ್ದವು. "ತಿಪ್ಪಣ್ಣ ಹೇಳಿದ್ದೇ ಬರೆದಿತ್ತು, ಸ್ವಾಮಿ" ಎಂದೆ.

ಅವರು ನನ್ನನ್ನೇ ನೋಡಿದರು. "ನಾನೂ ಹಾಗೇ ಓದಿಕೊಂಡೆ" ಎಂದು ಪೇಟ ಸರಿಮಾಡಿಕೊಂಡು ಹೊರಟರು.

ಆಮೇಲೆ ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ, ಡೇರೆ ಹೋದಲ್ಲೆಲ್ಲ ಜನ "ಈರಣ್ಣನ ಆಟ ಹಾಕ್ರಿ" ಎಂದು ಕೇಳಿ ಹಾಕಿಸಿಕೊಂಡರು.

ಇಷ್ಟು ವರ್ಷ ಇದನ್ನು ಬಾಯಲ್ಲೇ ಹೇಳಿ ಜಂಬ ಕೊಚ್ಚಿಕೊಂಡೆ. ಈಗ ತಿಪ್ಪಣ್ಣನೂ ಇಲ್ಲ, ಗೌರಮ್ಮನೂ ಇಲ್ಲ. ಕಚೇರಿಯ ಆ ಕಾಗದವನ್ನು ಯಾರೂ ತಿದ್ದಿಲ್ಲ. ನಿನ್ನೆ ಕಿಟಕಿ ಬಳಿ ಕೂತಾಗ ನನ್ನ ಮೇಲೇ ಸಿಟ್ಟು ಬಂತು: ಬರೆಯಲು ಬರುವ ನೀನು ಏನು ಮಾಡಿದೆಯೋ ಮಾರಾಯ? ಅದಕ್ಕೇ ಇವತ್ತು ಬೆಳಿಗ್ಗೆ ಮಸಿ, ಕಾಗದ ಹಿಡಿದು ಕೂತೆ. ಓದುವವರು ಓದಿಕೊಳ್ಳಲಿ: ಜವನಗೊಂಡನಹಳ್ಳಿಯ ಈರಣ್ಣ ಕಾಯಿಲೆಯಿಂದ ಸಾಯಲಿಲ್ಲ. ಅವನನ್ನು ಬಿಳಿ ದೊರೆ ಒದ್ದು ಕೊಂದ.