ಪೆಟ್ಟಿಗೆಗೆ ಸರಪಳಿ, ಬುತ್ತಿಗೆ ತೊಡೆ

ಬಸವಕಲ್ಯಾಣಕ್ಕೆ ರೈಲಿಲ್ಲ. ರೈಲು ಹತ್ತಬೇಕೆಂದರೆ ಬಸ್ಸಿನಲ್ಲಿ ಹುಮನಾಬಾದಿಗೆ ಹೋಗಬೇಕು. ಹೀಗಾಗಿ ನನ್ನ ಸಾಮಾನು ದಾರಿಯುದ್ದಕ್ಕೂ ಏರುತ್ತ ಇಳಿಯುತ್ತ ಇರುತ್ತದೆ, ಪ್ರತಿ ಸಲವೂ ನಾನು ಅದನ್ನು ಮುಟ್ಟಿ ನೋಡಿಕೊಳ್ಳುತ್ತೇನೆ. ಇದು ಆಸ್ಪತ್ರೆ ಕಲಿಸಿದ್ದು. ನರ್ಸ್ ಆಗಿದ್ದಷ್ಟು ಕಾಲ ಪಾಳಿ ಮುಗಿದಾಗ ಕತ್ತರಿ, ಚಿಮಟ ಎಲ್ಲವನ್ನೂ ಮುಟ್ಟಿ ಒಪ್ಪಿಸಿಯೇ ಮನೆಗೆ ಹೋದವಳು ನಾನು. ರೈಲಿನಲ್ಲಿ ಒಬ್ಬಳೇ ಹೊರಟರೆ ಸೂಟ್‌ಕೇಸಿಗೆ ಸರಪಳಿ ಹಾಕಿ, ಸೀಟಿನ ಕಾಲಿಗೆ ಸುತ್ತಿ, ಬೀಗ ಜಡಿಯುತ್ತೇನೆ. ಕೀಲಿಕೈ ಸೊಂಟದ ಸಂಚಿಯಲ್ಲಿ.

ಆ ಸಲ ಕಾಯಬೇಕಾದದ್ದು ಸೂಟ್‌ಕೇಸ್ ಅಲ್ಲ, ಬುತ್ತಿ. ಕಲಬುರಗಿಯ ಗಂಡನ ಮನೆಯಲ್ಲಿರುವ ನನ್ನ ತಮ್ಮನ ಮಗಳಿಗೆ ಕುಬುಸ; ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಿ, ಮನೆಯಲ್ಲಿ ಮಾಡಿದ ಬುತ್ತಿ ಉಣಿಸುವ ಶಾಸ್ತ್ರ. ಅವಳಿಗೆ ತಾಯಿ ಇಲ್ಲ. ತಮ್ಮನ ಕಾಲಿಗೆ ಪ್ಲಾಸ್ಟರ್ ಬಿದ್ದಿತ್ತು. ಹಿಂದೊಮ್ಮೆ ಅವಳ ಬಸಿರು ಕುಬುಸದವರೆಗೂ ನಿಂತಿರಲಿಲ್ಲ. ಈ ಸಲ ನಿಂತಿತ್ತು. “ಅತ್ತಿ, ಮತ್ತೇನೂ ತರಬ್ಯಾಡ. ಬುತ್ತಿ ಅಷ್ಟ ತಗೊಂಡು ಬಾ” ಎಂದು ಫೋನಿನಲ್ಲಿ ಹೇಳಿದ್ದಳು.

ಕಡಕ್ ರೊಟ್ಟಿ, ಶೇಂಗಾ ಹೋಳಿಗೆ, ಕರ್ಚಿಕಾಯಿ, ರೊಟ್ಟಿಗೆ ಹಚ್ಚಿಕೊಳ್ಳಲು ಖಾರದ ಹಿಂಡಿ. ಎಲ್ಲವನ್ನೂ ಬಿದಿರು ಬುಟ್ಟಿಗೆ ತುಂಬಿ, ಬಿಳಿ ಬಟ್ಟೆಯಲ್ಲಿ ಕಟ್ಟಿ, ಬ್ಯಾಂಡೇಜಿಗೆ ಹಾಕುವ ಚಪ್ಪಟೆ ಗಂಟು ಹಾಕಿದ್ದೆ. ಕುಬುಸದ ಬುತ್ತಿ ದಾರಿಯಲ್ಲಿ ನೆಲ ಮುಟ್ಟಬಾರದು, ಗಂಟು ಬಿಚ್ಚಬಾರದು. ಇದು ನಮ್ಮ ಮನೆಯ ನೇಮ.

ಹುಮನಾಬಾದಿನಲ್ಲಿ ಮಧ್ಯಾಹ್ನದ ಪ್ಯಾಸೆಂಜರ್ ಹತ್ತಿದೆ. ಸರಪಳಿ ಹಾಕಲು ಬಗ್ಗಬೇಕು, ಬುತ್ತಿ ಎಲ್ಲಿಡಲಿ? ಪಕ್ಕದಲ್ಲಿ ಕುಳಿತ ಹೆಂಗಸು ತಾನೇ ಕೈಚಾಚಿದಳು.

“ಕೊಡ್ರಿ ಬಾಯಾರ, ಹಿಡೀತೀನಿ.”

“ನೆಲಕ್ಕ ಇಡಬ್ಯಾಡವಾ. ಕುಬುಸದ್ದದ.”

“ಹೌದ್ರಿ? ಯಾರ್ದು?”

ಹೇಳಿದೆ. ತಾಯಿ ಇಲ್ಲದ್ದನ್ನೂ ಹೇಳಿದೆ. ಅವಳು ರಾಜೇಶ್ವರದವಳಂತೆ, ಕಮಲಾಪುರದಲ್ಲಿ ಇಳಿಯುವವಳು. ಬೀಗ ಜಡಿದು ಬುತ್ತಿಯನ್ನು ನನ್ನ ತೊಡೆಗೆ ತೆಗೆದುಕೊಂಡೆ.

ಊಟದ ನಂತರ ಸ್ವಲ್ಪ ಹೊತ್ತು ಕಣ್ಣು ಮುಚ್ಚುವುದು ನನ್ನ ಹಳೆಯ ಕ್ರಮ. ರೈಲಿನಲ್ಲಿ ಆ ಕ್ರಮ ಬೇಡವೆಂದು ದೇಹಕ್ಕೆ ಯಾರು ಹೇಳಬೇಕು?

ಎಚ್ಚರವಾದಾಗ ತೊಡೆ ಖಾಲಿ. ಪಕ್ಕದಲ್ಲಿ ಯಾರೋ ಗಂಡಸು. ಮೊದಲು ಬಗ್ಗಿ ನೋಡಿದ್ದು ಸೂಟ್‌ಕೇಸನ್ನು. ಅದು ಭದ್ರವಾಗಿತ್ತು. ಭದ್ರವಾಗಿದೆ ಎಂದು ಒಂದು ಕ್ಷಣ ಸಮಾಧಾನವೂ ಆಯಿತು, ಆಮೇಲೆ ಏನು ಹೋಗಿದೆ ಎಂಬುದು ತಲೆಗೆ ಹತ್ತಿತು.

“ಇಲ್ಲೊಬ್ಬಾಕಿ ಕುಂತಿದ್ಲಲ್ಲ?”

“ಕಮಲಾಪುರದಾಗ ಇಳದಳ್ರಿ” ಎಂದ ಗಂಡಸು. ಬುತ್ತಿಯ ವಿಷಯ ಅವನಿಗೆ ಗೊತ್ತಿರಲಿಲ್ಲ.

ಎದ್ದು ಹುಡುಕೋಣವೆಂದರೆ ಸೂಟ್‌ಕೇಸ್ ಬಿಟ್ಟು ಹೋಗಬೇಕು. ಬೀಗ ಹಾಕಿದೆಯಲ್ಲ, ಬಿಟ್ಟು ಹೋಗಲಿಕ್ಕೇ ತಾನೇ ಬೀಗ? ಆದರೂ ಕಾಲು ಏಳಲಿಲ್ಲ. ಬೀಗ ತೆಗೆಯಲು ಬಗ್ಗಿದೆ. ತೆಗೆದು ಏನು ಮಾಡಲಿ ಎಂದು ಮತ್ತೆ ಹಾಕಿದೆ. ಎದುರಿನ ಸೀಟಿನ ಕೆಳಗೆ ನೋಡಿದೆ, ಮೇಲಿನ ಹಲಗೆ ನೋಡಿದೆ. ಸಂಚಿಯಲ್ಲೂ ಕೈಯಾಡಿಸಿದೆ. ಅಷ್ಟು ದೊಡ್ಡ ಬುಟ್ಟಿ ಸಂಚಿಯಲ್ಲಿ ಎಲ್ಲಿರುತ್ತದೆ!

“ಬಾಯಾರ, ಏನ್ ಹುಡಕಾಕತ್ತೀರಿ?”

ದನಿ ಬಂದದ್ದು ಬೆನ್ನ ಹಿಂದಿನಿಂದ. ನನ್ನ ಸೀಟಿಗೆ ಬೆನ್ನು ಕೊಟ್ಟ ಸೀಟಿನಲ್ಲಿ ಒಬ್ಬ ಮುದುಕಿ ಕುಳಿತಿದ್ದಳು. ಅವಳ ತೊಡೆಯ ಮೇಲೆ ನನ್ನ ಬುತ್ತಿ.

“ನೀವು ತೂಕಡಿಸಿ ಬೀಳಿಸ್ತಿದ್ರಿ ಅಂತ ಆ ಹೆಣ್ಮಗಳು ಹಿಡಕೊಂಡು ಕುಂತಿದ್ಳು. ಇಳಿಯೋವಾಗ ನನ್ನ ಕೈಯಾಗ ಕೊಟ್ಟು, ನೆಲಕ್ಕ ಇಡಬ್ಯಾಡ ಅಂತ ಆಣಿ ಹಾಕಿ ಹೋದಳು. ಆವಾಗಿಂದ ನನ್ನ ತೊಡಿ ಜೋಮು ಹಿಡದದ.”

“ನನ್ನ ಎಬ್ಬಿಸಬೇಕಿತ್ತಲ್ಲವಾ?”

“ಎಬ್ಬಿಸಿದ್ಳ್ರಿ! ‘ಡಾಕ್ಟರ್ ಬಂದಿಲ್ಲ, ಕೂಡ್ರಿ’ ಅಂದು ಮತ್ತ ಮಲಗಿದ್ರಿ.” ಸುತ್ತಲಿನವರು ನಕ್ಕರು. ಮುದುಕಿ ಸರಪಳಿಯ ಕಡೆ ಗದ್ದ ಎತ್ತಿದಳು. “ಪೆಟ್ಟಿಗಿಗಿ ಸರಪಳಿ, ಬುತ್ತಿಗಿ ನನ್ನ ತೊಡಿ. ಛಲೋ ಅದ ನಿಮ್ಮ ಕಾರಭಾರ!”

ಬುತ್ತಿ ತೆಗೆದುಕೊಂಡೆ. ಗಂಟಿನ ಮೇಲೆ ಬೆರಳು ಹೋಯಿತು. ಅದು ನನ್ನ ಗಂಟಾಗಿರಲಿಲ್ಲ. ಉಬ್ಬಿದ, ಓರೆಯಾದ ಗಂಟು.

“ಇದನ್ನ ಬಿಚ್ಚಿದವರು ಯಾರು?”

“ನಂಗೇನ್ ಗೊತ್ರಿ. ನನ್ನ ಕೈಗಿ ಹಿಂಗೇ ಬಂತು.”

ಕಲಬುರಗಿ ಬಂತು. ಬೀಗ ತೆಗೆಯಲು ಮತ್ತೆ ಅವಳ ತೊಡೆಯ ಮೇಲೇ ಬುತ್ತಿ ಇಡಬೇಕಾಯಿತು.

ಆಟೋದಲ್ಲಿ ಕುಳಿತು ಯೋಚಿಸಿದೆ, ಯೋಚನೆ ಒಂದು ಕಡೆ ನಿಲ್ಲಲಿಲ್ಲ. ಅಪರಿಚಿತರು ಬಿಚ್ಚಿದ ಬುತ್ತಿ. ಬಸುರಿಗೆ ಉಣಿಸುವುದು. ನರ್ಸ್ ಆಗಿ ಬೇಡವೆನ್ನಬೇಕು. ತವರಿನ ಬುತ್ತಿ ತಿನ್ನಬೇಡ ಎಂದು ಆ ಹುಡುಗಿಗೆ ಯಾವ ಬಾಯಿಂದ ಹೇಳಲಿ?

ಮನೆಯಲ್ಲಿ ನಾನು ಮಾತು ತೆಗೆಯುವ ಮೊದಲೇ ಅವಳು ಗಂಟು ಬಿಚ್ಚಿದಳು. ರೊಟ್ಟಿಯ ಮೇಲೆ ಪೇಪರಿನಲ್ಲಿ ಸುತ್ತಿದ ಹಸಿರು ಗಾಜಿನ ಬಳೆಗಳು, ಅರಿಷಿಣ ಹಚ್ಚಿದ್ದವು. ನಾನು ಇಟ್ಟದ್ದಲ್ಲ. ರೊಟ್ಟಿ, ಹೋಳಿಗೆ ಎಲ್ಲ ನಾನು ಜೋಡಿಸಿದಂತೆಯೇ ಇದ್ದವು.

“ಬಳಿ ಯಾರು ಕೊಟ್ಟಾರ್ರಿ?” ಎಂದು ಅವಳ ಅತ್ತೆ ಕೇಳಿದರು.

ರಾಜೇಶ್ವರದವಳೇ? ಮುದುಕಿಯೇ? ಅಥವಾ ಇವರಿಬ್ಬರ ನಡುವೆ ನಾನು ಕಾಣದ ಇನ್ನೊಬ್ಬಳೇ? ಕಳೆದುಹೋದರೆ ಏನು ಮಾಡಬೇಕೆಂದು ನನಗೆ ಗೊತ್ತು. ಕಟ್ಟಿದ್ದಕ್ಕಿಂತ ಹೆಚ್ಚು ಬಂದರೆ ಏನು ಮಾಡಬೇಕು? ಯಾವ ವಾರ್ಡಿನಲ್ಲೂ ಯಾರೂ ಹೇಳಿಕೊಟ್ಟಿರಲಿಲ್ಲ.

“ದಾರ್ಯಾಗಿನವರು” ಎಂದೆ.

ಅಷ್ಟರಲ್ಲಿ ಹುಡುಗಿ ಬಳೆ ಏರಿಸಿಕೊಂಡಾಗಿತ್ತು. ಬಸುರಿಯ ಕೈಗೆ ಏರಿದ ಹಸಿರು ಬಳೆಯನ್ನು ತೆಗೆ ಎನ್ನುವ ಬಾಯಿ ನಮ್ಮ ಕಡೆ ಇಲ್ಲ. ಅವಳು ಹೋಳಿಗೆಗೆ ಕೈ ಹಾಕಿದಳು.

“ನಿಂದ್ರು” ಎಂದು ಬುಟ್ಟಿ ಎಳೆದುಕೊಂಡೆ. ರೊಟ್ಟಿ ಮುರಿದು ತಿಂದೆ, ಹಿಂಡಿ ನೆಕ್ಕಿದೆ, ಹೋಳಿಗೆ ತಿಂದೆ, ಕರ್ಚಿಕಾಯಿ ತಿಂದೆ. ಆಮೇಲೆ ಗೋಡೆಯ ಗಡಿಯಾರ ನೋಡುತ್ತ ಕುಳಿತೆ. ಎಷ್ಟು ಹೊತ್ತು ಕಾದರೆ ಸಾಕೆಂದು ಅಷ್ಟು ವರ್ಷ ಕೆಲಸ ಮಾಡಿದ ನನಗೂ ಹೊಳೆಯಲಿಲ್ಲ.

ಹುಡುಗಿ ನನ್ನನ್ನೂ ಬುಟ್ಟಿಯನ್ನೂ ನೋಡಿದಳು.

“ಅತ್ತಿ, ಕುಬುಸ ನಿಂದೋ, ನಂದೋ?”

ಬುಟ್ಟಿಯನ್ನು ಅವಳ ಕಡೆ ಸರಿಸಿದೆ.