ಅಕ್ಕನ ನಾಯಿಯ ಊಟದ ಕೋಣೆ

ಅಕ್ಕ ಭದ್ರಾವತಿ ಬಿಟ್ಟು ನನ್ನ ಮನೆಗೆ ಬರುವ ಹೊತ್ತಿಗೆ ಅವಳ ಹಾರ್ಟ್ ಆಗಲೇ ಸೋತಿತ್ತು. ಇನ್ನು ಒಬ್ಬರೇ ಇರಬಾರದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಗೋಪಾಳದ ಈ ಮನೆಯಲ್ಲಿ ನಾನು ಮತ್ತು ನನ್ನ ಕರಿ ನಾಯಿ, ಇಬ್ಬರೇ. ಬಾ ಅಕ್ಕಾ ಎಂದೆ. ಅವಳದು ಒಂದೇ ಕಂಡೀಷನ್.

"ನನ್ನ ನಾಯೀನೂ ಬರುತ್ತೆ. ಅದಕ್ಕೆ ಜಾಗ ಇಲ್ಲ ಅಂದ್ರೆ ನಂಗೂ ಬೇಡ ಕಣೇ."

ಅವಳದು ಕಾರ್ಖಾನೆ ಕ್ವಾರ್ಟರ್ಸಿನ ಬೀದಿಯಲ್ಲಿ ಮರಿಯಾಗಿ ಸಿಕ್ಕ ಕಂದು ನಾಯಿ. ಕಾರಿನಿಂದ ಅದು ಇಳಿದದ್ದೇ ತಡ, ನನ್ನದು ಬಾಗಿಲಲ್ಲಿ ನಿಂತು ಗುರ್ ಎಂದಿತು. "ವೇರ್ ಆರ್ ಯುವರ್ ಮ್ಯಾನರ್ಸ್?" ಎಂದು ಗದರಿದೆ.

"ಓಹೋ, ಇದು ಕಾನ್ವೆಂಟ್ ನಾಯಿ. ನಮ್ಮಂಥ ಕನ್ನಡ ಮೀಡಿಯಮ್ಮಿನವರನ್ನ ಒಳಗೆ ಬಿಡುತ್ತೋ ಇಲ್ವೋ!" ಎಂದು ಅಕ್ಕ ನಕ್ಕಳು.

ಮೊದಲ ದಿನವೇ ಅವಳು ರೂಲ್ ಮಾಡಿದಳು. ಎರಡಕ್ಕೂ ಒಟ್ಟಿಗೆ, ಅಕ್ಕಪಕ್ಕದಲ್ಲೇ ಬಡಿಸಬೇಕು, ಒಂದು ಉಣ್ಣುವಾಗ ಇನ್ನೊಂದು ಕಾಯಬಾರದು, ಪಂಕ್ತಿಭೇದ ಕೂಡದು. ನನಗೂ ಸರಿಯೆನಿಸಿತು. ಹಂಚಿಕೊಂಡು ತಿನ್ನುವವರೇ ಒಳ್ಳೆಯ ಮಕ್ಕಳು ಎಂದು ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ್ದರಲ್ಲ. ಮುಂದಿನ ಹಾಲ್‌ನಲ್ಲಿ ಎರಡು ಬಟ್ಟಲಿಟ್ಟು ಮೊಸರನ್ನ ಬಡಿಸುತ್ತಿದ್ದೆವು. ಎರಡೂ ಒಂದನ್ನೊಂದು ಓರೆಗಣ್ಣಲ್ಲಿ ನೋಡುತ್ತ ಗಬಗಬ ನುಂಗುತ್ತಿದ್ದವು. ಒಂದು ಮಧ್ಯಾಹ್ನ ನನ್ನದು ತನ್ನ ಪಾಲು ಮುಗಿಸಿ ಪಕ್ಕದ ಬಟ್ಟಲಿಗೆ ಮೂತಿ ಹಾಕಿತು. ಆಮೇಲೆ ಕಿರುಚಾಟ, ರಕ್ತ, ಚೆಲ್ಲಿದ ಅನ್ನ. ಬಕೆಟ್ ನೀರು ಎರಚಿದ ಮೇಲೆಯೇ ಅವು ಬಿಡಿಸಿಕೊಂಡದ್ದು. ನನ್ನ ನಾಯಿಯ ಕಿವಿ ಹರಿದಿತ್ತು. ಬಿಡಿಸಲು ಹೋದ ಅಕ್ಕ ಏದುಸಿರು ಬಿಡುತ್ತ ಸೋಫಾದ ಮೇಲೆ ಕುಸಿದಿದ್ದಳು.

ಕಿವಿಗೆ ಹೊಲಿಗೆ ಹಾಕಿದ ಪಶುವೈದ್ಯೆ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದಳು. "ಅಕ್ಕಪಕ್ಕ ಊಟ ಹಾಕ್ಲೇಬೇಡಿ ಮೇಡಂ. ಬೇರೆ ಬೇರೆ ರೂಮು, ಮಧ್ಯೆ ಬಾಗಿಲು. ಬಟ್ಟಲು ಎತ್ತಿಟ್ಟ ಮೇಲೇ ಬಾಗಿಲು ತೆಗೀರಿ. ಸಂಜೆ ಹೊರಗಡೆ ಎರಡನ್ನೂ ಜೊತೇಲಿ ಓಡಾಡಿಸಿ. ನಿಧಾನಕ್ಕೆ ಹೊಂದ್ಕೊಳ್ತವೆ."

ನನ್ನ ನಾಯಿಗೆ ಹಾಲಿನಲ್ಲಿ ನನ್ನ ಕಾಲಬುಡದಲ್ಲೇ ಉಂಡು ರೂಢಿ. ಹಾಗಾಗಿ ಅಕ್ಕನ ನಾಯಿಯ ಬಟ್ಟಲನ್ನು ಅಡುಗೆಮನೆ ಪಕ್ಕದ ಚಿಕ್ಕ ಕೋಣೆಯಲ್ಲಿಟ್ಟು ಬಾಗಿಲು ಹಾಕಿದೆ. ತಿರುಗಿ ನೋಡಿದರೆ ಅಕ್ಕ ಬಿಳಿಚಿಕೊಂಡು ನಿಂತಿದ್ದಳು.

"ಅದಕ್ಕೂ ಬಾಗಿಲ ಹಿಂದೇನೇ ಊಟಾನಾ?"

ಭಾವ ತೀರಿಕೊಂಡಾಗ ಅಕ್ಕನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಆಮೇಲೆ ಗಂಡನ ಕಡೆಯ ಮದುವೆ ಮುಂಜಿಗಳಲ್ಲಿ ಅವಳಿಗೆ ಪಂಕ್ತಿಯಲ್ಲಿ ಎಲೆ ಹಾಕುತ್ತಿರಲಿಲ್ಲ. ಎಲ್ಲರದ್ದೂ ಆದ ಮೇಲೆ ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಬಡಿಸುತ್ತಿದ್ದರು. ಹೋಳಿಗೆ ಅವಳ ಎಲೆಗೆ ಬರುವಷ್ಟರಲ್ಲಿ ತಣ್ಣಗಾಗಿರುತ್ತಿತ್ತು. ಕಾರ್ಖಾನೆಯ ಆಫೀಸಿನಲ್ಲಿ ದುಡಿದು ರಿಟೈರ್ ಆದವಳು ಆ ಕೋಣೆಯನ್ನು ಮಾತ್ರ ಮರೆತಿರಲಿಲ್ಲ. ನನಗೂ ಅದು ಗೊತ್ತಿತ್ತು.

"ಹಾಗಾದ್ರೆ ನನ್ನ ನಾಯೀನ ಕೋಣೇಲಿ ಹಾಕ್ತೀನಿ ಅಕ್ಕಾ," ಎಂದೆ.

"ಅದನ್ನ ಯಾಕೆ? ಅದರ ಮನೆ ಇದು. ನಾಳೆ ನನ್ನನ್ನ ಭದ್ರಾವತಿ ಬಸ್ಸಿಗೆ ಹತ್ತಿಸಿಬಿಡು."

ಆ ಎದೆ ಇಟ್ಟುಕೊಂಡು ಒಬ್ಬಳೇ ಅಲ್ಲಿಗೆ ಹೋದರೆ ಎಷ್ಟು ದಿನ ಬದುಕಿಯಾಳು? ಕೈ ಹಿಡಿದು ಕೇಳಿಕೊಂಡೆ, ಅತ್ತೂಬಿಟ್ಟೆ. ರಾತ್ರಿಯೂಟಕ್ಕೆ ತಟ್ಟೆ ಹಾಕಿದಾಗ ಅವಳು ತನ್ನದನ್ನು ಎತ್ತಿಕೊಂಡು ಆ ಚಿಕ್ಕ ಕೋಣೆಗೆ ನಡೆದಳು. ನಾಯಿಯನ್ನು ಕರೆದು, ಬಾಗಿಲನ್ನು ತಾನೇ ಹಾಕಿಕೊಂಡಳು. ಬಸ್ಸಿನ ಮಾತು ಮತ್ತೆ ಬರಲಿಲ್ಲ.

ಅಂದಿನಿಂದ ನಮ್ಮ ಊಟ ಹಾಗೆಯೇ ನಡೆಯಿತು. ಹಾಲಿನಲ್ಲಿ ನಾನು, ಒಳಗೆ ಅವಳು, ಮಧ್ಯೆ ಮುಚ್ಚಿದ ಬಾಗಿಲು.

"ಮಾರಾಯ್ತಿ, ಸಾರಿಗೆ ಉಪ್ಪು ಹಾಕಿದೀಯೇನೇ?"

"ಡಾಕ್ಟರು ಬೇಡ ಅಂದಿದಾರಲ್ಲ ಅಕ್ಕಾ."

"ಹಾಗಾದ್ರೆ ಕರೆದು ಅವರಿಗೇ ಬಡಿಸು. ಮೂರೇ ದಿನದಲ್ಲಿ ಊರು ಬಿಡ್ತಾರೆ!"

ಸಂಜೆ ಬೀದಿಯ ತುದಿಯವರೆಗೆ ಎರಡು ಮುದುಕಿಯರು, ಎರಡು ನಾಯಿಗಳು. ಮೊದಮೊದಲು ನಾವು ರಸ್ತೆಯ ಆ ಕಡೆ ಈ ಕಡೆ ನಡೆದೆವು, ಬರಬರುತ್ತ ಹತ್ತಿರ ಹತ್ತಿರ. ಮಳೆಗಾಲ ಮುಗಿಯುವ ಹೊತ್ತಿಗೆ ಎರಡೂ ಹಾಲಿನಲ್ಲಿ ಒಂದೇ ಫ್ಯಾನಿನ ಕೆಳಗೆ ಮಲಗುತ್ತಿದ್ದವು. ಫ್ರೆಂಡ್ಸ್ ಅಂತಲ್ಲ, ಒಂದನ್ನೊಂದು ಸಹಿಸಿಕೊಂಡಿದ್ದವು, ಅಷ್ಟೆ. ಅಕ್ಕ ಅವನ್ನೇ ನೋಡುತ್ತ ಬಹಳ ಹೊತ್ತು ಕೂರುತ್ತಿದ್ದಳು.

ಚಳಿ ಶುರುವಾದ ಮೇಲೆ, ಒಂದು ಬೆಳಿಗ್ಗೆ, ಕಾಫಿ ಲೋಟ ಕೆಳಗಿಡುತ್ತಿದ್ದಂತೆಯೇ ಅವಳು ಹೋದಳು.

ಬಂದ ನೆಂಟರೆಲ್ಲ ಹೊರಟ ಮೇಲೆ ಅವಳ ನಾಯಿಯ ಬಟ್ಟಲನ್ನು ಕೋಣೆಯಲ್ಲಿಟ್ಟು ಬಾಗಿಲು ಹಾಕಿದೆ. ಆಮೇಲೆ ನೋಡಿದರೆ ಅನ್ನ ಇಟ್ಟಂತೆಯೇ ಇತ್ತು. ಮರುದಿನವೂ ಅದೇ. ಮೂರನೆಯ ದಿನ ನನ್ನ ತಟ್ಟೆ ಹಿಡಿದುಕೊಂಡು ಒಳಗೆ ಹೋಗಿ ಅಕ್ಕ ಕೂತು ಉಣ್ಣುತ್ತಿದ್ದ ಕುರ್ಚಿಯಲ್ಲಿ ಕುಳಿತೆ. ಅದು ನನ್ನ ಕಾಲು ಮೂಸಿತು, ಸ್ವಲ್ಪ ಹೊತ್ತು ಬಾಗಿಲನ್ನೇ ನೋಡಿತು, ಮತ್ತೆ ನಿಧಾನವಾಗಿ ನಾಲ್ಕು ತುತ್ತು ತಿಂದಿತು.

ಆಚೆ ನನ್ನ ಕರಿ ನಾಯಿ ಬಾಗಿಲು ಕೆರೆಯುತ್ತಿತ್ತು. ಅದಕ್ಕೂ ಒಂಟಿಯಾಗಿ ಉಂಡು ಗೊತ್ತಿಲ್ಲ. "ಬಂದೆ ಡಾರ್ಲಿಂಗ್, ಇರು," ಎಂದು ಒಳಗಿನಿಂದಲೇ ಕೂಗಿದೆ. ಇಲ್ಲಿ ಅರ್ಧ ಊಟ ಮಾಡಿ, ತಟ್ಟೆ ಹಿಡಿದು ಎದ್ದು ಅಲ್ಲಿಗೆ ಹೋದೆ. ಬಾಗಿಲು ಹಾಕಿದ ಕೂಡಲೇ ಒಳಗಿನ ನಾಯಿ ಉಣ್ಣುವುದನ್ನು ನಿಲ್ಲಿಸಿದ್ದು ನನಗೆ ಕೇಳಿಸಿತು. ಎರಡರ ಬಳಿಯೂ ಕೂರುವಷ್ಟು ಜನ ಈಗ ಈ ಮನೆಯಲ್ಲಿಲ್ಲ.