ದೋಣಿಯ ಮೇಲಿನ ಹೆಸರು

ಚಿಂತಾಮಣಿಯ ಪೇಂಟರ್ ಕೋನಪ್ಪ ಹುಟ್ಟಿದ್ದು ಕೆಂಚಾರ್ಲಹಳ್ಳಿಯಲ್ಲಿ. ಏಳನೇ ಕ್ಲಾಸಿಗೆ ಓದು ಬಿಟ್ಟು, ಗೌರಿಬಿದನೂರಿನಲ್ಲಿ ಬೋರ್ಡ್ ಬರೆಯುತ್ತಿದ್ದ ಗಂಗರಾಜು ಮೇಷ್ಟ್ರ ಹತ್ತಿರ ಕೆಲಸಕ್ಕೆ ಸೇರಿದ. ಅವರು ಶಾಲೆಯ ಮೇಷ್ಟ್ರಲ್ಲ, ಅಕ್ಷರ ಬರೆಯುವುದನ್ನು ಕಲಿಸುತ್ತಿದ್ದರಿಂದ ಊರಿನವರು ಹಾಗೆ ಕರೆಯುತ್ತಿದ್ದರು. ಮೊದಲ ಆರು ತಿಂಗಳು ಅವನ ಕೈಗೆ ಬ್ರಷ್ ಕೊಡಲಿಲ್ಲ. ಸ್ಲೇಟಿನ ಮೇಲೆ ಬರೀ ಸೊನ್ನೆ ಬರೆಸಿದರು. ಸೊನ್ನೆ ದುಂಡಗೆ ಬಂದರೆ ಕನ್ನಡದ ಅಕ್ಷರಗಳೆಲ್ಲ ತಾವಾಗಿಯೇ ಬರುತ್ತವೆ ಎನ್ನುವುದು ಅವರ ಲೆಕ್ಕ.

ಕೋನಪ್ಪ ಅವರಲ್ಲಿ ಒಂಬತ್ತು ವರ್ಷ ಇದ್ದು, ಆಮೇಲೆ ಚಿಂತಾಮಣಿಗೆ ಬಂದು ಸ್ವಂತ ಕೆಲಸ ಶುರುಮಾಡಿದ. ಬಸ್ಸುಗಳ ಮೇಲೆ ಊರಿನ ಹೆಸರು, ಟ್ರಾಕ್ಟರ್ ಟ್ರೈಲರಿನ ಹಿಂದೆ ದೇವರ ಹೆಸರು, ಹಾಲಿನ ಡೇರಿ, ಶಾಲೆ, ಕಟಿಂಗ್ ಶಾಪ್, ಎಲ್ಲದಕ್ಕೂ ಅವನದೇ ಅಕ್ಷರ. ಬೋರ್ಡಿನ ಕೆಳಗೆ ಬಲಗಡೆ ಸಣ್ಣದಾಗಿ ‘ಕೋನಪ್ಪ ಆರ್ಟ್ಸ್’ ಎಂದು ಹಾಕುತ್ತಿದ್ದ. ಮೇಷ್ಟ್ರು ಮಾತ್ರ ಎಂದೂ ತಮ್ಮ ಹೆಸರು ಹಾಕಿದವರಲ್ಲ. ಬೋರ್ಡು ಅಂಗಡಿಯವನದು, ಅದರಲ್ಲಿ ನಮಗೇಕೆ ಜಾಗ ಎನ್ನುತ್ತಿದ್ದರು.

ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ನಾಲ್ಕೈದು ವರ್ಷದಲ್ಲಿ ನಿಂತುಹೋಯಿತು. ಕೋನಪ್ಪ ಮನೆಗಳಿಗೆ ಬಣ್ಣ ಹೊಡೆಯುವ ಕಂಟ್ರ್ಯಾಕ್ಟರ್ ಆದ. ಮೇಷ್ಟ್ರಿಗೆ ಬೇರೆ ಕೆಲಸ ಕಲಿಯುವ ವಯಸ್ಸು ದಾಟಿತ್ತು, ಮನೆಯಲ್ಲೇ ಕುಳಿತರು. ಅವರು ತೀರಿಕೊಂಡಾಗ ತಿಥಿಗೆ ಹೋದ ಕೋನಪ್ಪ, ಊಟ ಮುಗಿಸಿ ಗೌರಿಬಿದನೂರಿನ ಬಸ್ ಸ್ಟ್ಯಾಂಡಿನಿಂದ ರೈಲ್ವೆ ಸ್ಟೇಷನ್ನಿನವರೆಗೆ ನಡೆದ. ಒಂದು ಕಾಲಕ್ಕೆ ಆ ರಸ್ತೆಯ ಎರಡು ಬದಿಯೂ ಮೇಷ್ಟ್ರ ಕೈಬರಹವೇ. ಅಂದು ಒಂದು ಬೋರ್ಡೂ ಉಳಿದಿರಲಿಲ್ಲ. ಅದು ಅವನ ಮನಸ್ಸಿನಲ್ಲಿ ಕೂತುಬಿಟ್ಟಿತು.

ಹೋದ ವರ್ಷ ಅವನಿಗೆ ಹಡಗಿನ ಪ್ರಯಾಣ ಸಿಕ್ಕಿತು. ಬಣ್ಣದ ಡಬ್ಬದ ಮುಚ್ಚಳದೊಳಗೆ ಒಂದು ಕೂಪನ್ ಇರುತ್ತದೆ. ಅದನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ಪೇಂಟರಿಗೆ ಪಾಯಿಂಟ್ ಸೇರುತ್ತದೆ. ಜಿಲ್ಲೆಯಲ್ಲಿ ಹೆಚ್ಚು ಪಾಯಿಂಟ್ ಮಾಡಿದ ಇಪ್ಪತ್ತು ಜನರನ್ನು ಹೆಂಡತಿಯರ ಸಮೇತ ಕಂಪನಿಯವರು ಕೊಚ್ಚಿಗೆ ಕರೆದೊಯ್ದು ಹಡಗು ಹತ್ತಿಸಿದರು. ಐದು ದಿನ, ಮೂರು ದ್ವೀಪ. ಜೊತೆಗೆ ಬಂದವನು ಕಂಪನಿಯ ಸುನೀಲ್‌ಕುಮಾರ್, ಚಿಕ್ಕಬಳ್ಳಾಪುರದ ಕಡೆಯ ಹುಡುಗ.

ಹಡಗಿನಲ್ಲಿ ಒಬ್ಬ ಹೆಣ್ಣುಮಗಳು, ಅಲ್ಲಿನ ಆಫೀಸರ್, ಹೇಗಿರಬೇಕು ಎಂದು ಅರ್ಧ ಗಂಟೆ ಹೇಳಿದಳು. ಸುನೀಲ್‌ಕುಮಾರ್ ಕನ್ನಡದಲ್ಲಿ ತಿಳಿಸಿದ. ಕಂಬಿಗಳ ಮೇಲೆ ಬಟ್ಟೆ ಒಣಹಾಕಬಾರದು. ತಿನ್ನುವಷ್ಟೇ ಬಡಿಸಿಕೊಳ್ಳಬೇಕು. ಫೋನಿನಲ್ಲಿ ಹಾಡು ಹಾಕಿಕೊಂಡು ಓಡಾಡಬಾರದು. ಸಮುದ್ರಕ್ಕೆ ಹೂವನ್ನೂ ಎಸೆಯಬಾರದು. ದ್ವೀಪದಲ್ಲಿ ಇಳಿದರೆ ಹವಳ ಕೀಳಬಾರದು, ಮರ, ಗೋಡೆ, ದೋಣಿ, ಯಾವುದರ ಮೇಲೂ ಗುರುತು ಮಾಡಬಾರದು. ಕೋನಪ್ಪನ ಹೆಂಡತಿ ಚಿಕ್ಕವೆಂಕಟಮ್ಮ ಮಾರನೇ ಬೆಳಿಗ್ಗೆಯೇ ಮರೆತು ಸೀರೆಯನ್ನು ಕಂಬಿಗೆ ಹರವಿದಳು. ಕೆಲಸದವನು ಅದನ್ನು ನೀಟಾಗಿ ಮಡಚಿ ತಂದುಕೊಟ್ಟಾಗ, ಇಡೀ ದಿನ ಅವನ ಕಣ್ಣಿಗೆ ಬೀಳದ ಹಾಗೆ ಓಡಾಡಿದಳು. ಕೋನಪ್ಪ ಮಾತ್ರ ಸಾಲಿನಲ್ಲಿ ನಿಲ್ಲುತ್ತಿದ್ದ, ತಿಂದ ತಟ್ಟೆಯನ್ನು ಎತ್ತಿಡುತ್ತಿದ್ದ. ಎಲ್ಲರೂ ಕೋನಪ್ಪಣ್ಣನನ್ನು ನೋಡಿ ಕಲಿಯಿರಿ ಎಂದು ಸುನೀಲ್‌ಕುಮಾರ್ ಎರಡು ಸಲ ಹೇಳಿದ್ದ.

ಕಲಿಯದವನೆಂದರೆ ಶಿಡ್ಲಘಟ್ಟದ ಗಂಗರಾಜು. ಮೇಷ್ಟ್ರ ಹೆಸರೇ ಅವನಿಗೂ ಇತ್ತು, ಸಂಬಂಧವೇನೂ ಇರಲಿಲ್ಲ. ನಲವತ್ತರ ಆಸುಪಾಸಿನವನು, ದೊಡ್ಡ ಗಂಟಲು. ತಟ್ಟೆ ತುಂಬ ಹಾಕಿಕೊಂಡು ಅರ್ಧ ಬಿಡುತ್ತಿದ್ದ. ಚಿಪ್ಸಿನ ಕವರನ್ನು ಸಮುದ್ರಕ್ಕೆ ಬಿಟ್ಟು ಆಫೀಸರ್ ಹತ್ತಿರ ಒಮ್ಮೆ, ಜೋರಾಗಿ ಹಾಡು ಹಾಕಿ ಮತ್ತೊಮ್ಮೆ ಹೇಳಿಸಿಕೊಂಡಿದ್ದ. ಅವನ ಹೆಂಡತಿ ತನುಜ ಪ್ರತಿ ಸಲವೂ ಅವನ ತೋಳು ಹಿಡಿದು ಪಕ್ಕಕ್ಕೆ ಎಳೆದುಕೊಂಡು ಹೋಗುತ್ತಿದ್ದಳು.

ಎರಡನೇ ದ್ವೀಪದಲ್ಲಿ ಊರಿನವರು ತಮ್ಮ ಪಂದ್ಯದ ದೋಣಿಯನ್ನು ತೋರಿಸಿದರು. ತೆಂಗಿನ ಗರಿಯ ದೊಡ್ಡ ಚಪ್ಪರದ ಕೆಳಗೆ ಅದನ್ನು ಇಟ್ಟಿದ್ದರು. ವರ್ಷಕ್ಕೊಮ್ಮೆ ಮಾತ್ರ ನೀರಿಗೆ ಇಳಿಯುವ ದೋಣಿ. ಮಿಕ್ಕ ದಿನ ಮನೆಗೊಬ್ಬರಂತೆ ಬಂದು ಎಣ್ಣೆ ಉಜ್ಜುತ್ತಾರಂತೆ. ಚಪ್ಪಲಿ ಹೊರಗೆ ಬಿಡಿ, ಮುಟ್ಟಬೇಡಿ ಎಂದು ಅದನ್ನು ನೋಡಿಕೊಳ್ಳುವ ಮುದುಕರು ಸನ್ನೆಯಲ್ಲೇ ಹೇಳಿದರು. ಕೋನಪ್ಪ ಚಪ್ಪಲಿ ಬಿಟ್ಟು ಒಳಗೆ ಹೋದ.

ದೋಣಿಯ ಮೈಯುದ್ದಕ್ಕೂ ಕಪ್ಪು ಬಣ್ಣ, ಅದರ ಮೇಲೆ ಕೆಂಪು ಪಟ್ಟಿ, ಪಟ್ಟಿಯ ಅಂಚಿಗೆ ಬಿಳಿ ಗೆರೆ. ಆ ಗೆರೆಯನ್ನು ಟೇಪ್ ಅಂಟಿಸಿ ಎಳೆದಿರಲಿಲ್ಲ. ಒಂದೇ ಉಸಿರಿಗೆ ಕೈಯಿಂದ ಎಳೆದದ್ದು ಎಂದು ಅವನಿಗೆ ನೋಡಿದ ಕೂಡಲೇ ತಿಳಿಯಿತು. ಹದಿನೈದು ವರ್ಷದಿಂದ ಅಂಥ ಗೆರೆ ನೋಡಿರಲಿಲ್ಲ. ಮೇಷ್ಟ್ರು ನೋಡಬೇಕಿತ್ತು ಎನ್ನಿಸಿತು. ಉಳಿದವರೆಲ್ಲ ಎಳನೀರಿಗೆಂದು ಆಚೆ ಹೋದರು, ಮುದುಕರೂ ಅವರ ಹಿಂದೆ ನಡೆದರು. ದೋಣಿಯ ಹಿಂಬದಿಯಲ್ಲಿ ಗೇಣಗಲ ಕಪ್ಪು ಜಾಗ ಖಾಲಿ ಇತ್ತು. ಕೋನಪ್ಪನ ಜೇಬಿನಲ್ಲಿ ಕೆಲಸದ ಬಿಳಿ ಆಯಿಲ್ ಮಾರ್ಕರ್ ಯಾವಾಗಲೂ ಇರುತ್ತದೆ. ತೆಗೆದು ‘ಗಂಗರಾಜು’ ಎಂದು ಬರೆದ. ಎರಡು ನಿಮಿಷವೂ ಹಿಡಿಯಲಿಲ್ಲ. ಮೇಷ್ಟ್ರು ಕಲಿಸಿದ ಹಾಗೆ ಜಕಾರದ ಕೊಂಬನ್ನು ಮೇಲಕ್ಕೆ ಸುತ್ತಿ, ತುದಿಯನ್ನು ತೆಳ್ಳಗೆ ಮಾಡಿದ. ಹೊರಗೆ ಬಂದು ಚಪ್ಪಲಿ ಮೆಟ್ಟಿ ಎಳನೀರು ಕುಡಿದ. ತಪ್ಪು ಮಾಡಿದೆ ಎಂದು ಆಗ ಅನ್ನಿಸಲೇ ಇಲ್ಲ, ಎದೆ ಹಗುರವಾಗಿತ್ತು ಎಂದು ಅವನೇ ಮುಂದೆ ಹೇಳಿದ್ದಾನೆ.

ಸಂಜೆ ನಾಲ್ಕು ಗಂಟೆಗೆ ಆಫೀಸರ್ ಎಲ್ಲರನ್ನೂ ಊಟದ ಕೋಣೆಗೆ ಕರೆದಳು. ದ್ವೀಪದವರು ಕಳಿಸಿದ ದೋಣಿಯ ಫೋಟೋ ಅವಳ ಫೋನಿನಲ್ಲಿತ್ತು. ಅವಳಿಗೆ ಕನ್ನಡ ಬಾರದು. ಸುನೀಲ್‌ಕುಮಾರ್ ಫೋನು ಇಸಿದುಕೊಂಡು ಗಟ್ಟಿಯಾಗಿ ಓದಿದ. ಓದಿ ತಲೆ ಎತ್ತುವ ಮೊದಲೇ ನಲವತ್ತು ಜನರ ಕಣ್ಣು ಶಿಡ್ಲಘಟ್ಟದ ಗಂಗರಾಜುವಿನ ಮೇಲೆ ಬಿದ್ದಿತ್ತು.

ಕೋನಪ್ಪ ಅವನ ಪಕ್ಕದ ಕುರ್ಚಿಯಲ್ಲೇ ಇದ್ದ. ತಾನು ಬರೆದದ್ದು ಇವನ ಹೆಸರೂ ಹೌದು ಎನ್ನುವುದು ಅವನಿಗೆ ಹೊಳೆದದ್ದೇ ಆಗ.

ಗಂಗರಾಜು ಮೊದಲು ನಕ್ಕ. ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡಿದ್ದ. ಆಮೇಲೆ ಎದ್ದು ನಿಂತು ಫೋಟೋ ಕೇಳಿ ನೋಡಿದ. ನೋಡುತ್ತ ಅವನ ದನಿ ಸಣ್ಣಗಾಯಿತು.

“ಸಾರ್, ಈ ಅಕ್ಷರ ನೋಡಿ. ಹಿಂಗೆ ಬರೆಯಕ್ಕೆ ಬಂದಿದ್ರೆ ನಾನ್ಯಾಕೆ ಸಾರ್ ಗೋಡೆಗೆ ಪುಟ್ಟಿ ಎಳ್ಕೊಂಡಿರ್ತಿದ್ದೆ?”

ಅವನು ಹೇಳಿದ್ದು ನಿಜವಾದ ಸಾಕ್ಷಿ. ಆದರೆ ಕವರು ಎಸೆದವನು, ಹಾಡು ಹಾಕಿದವನು, ಅನ್ನ ಚೆಲ್ಲಿದವನು ಇವನೇ ಎಂಬುದು ಎಲ್ಲರಿಗೂ ಗೊತ್ತಿತ್ತು. ಅದರ ಮುಂದೆ ಅಕ್ಷರದ ಮಾತು ಯಾರಿಗೂ ಬೇಕಾಗಲಿಲ್ಲ. ಒಪ್ಪಿಕೊಂಡುಬಿಡಪ್ಪ, ನಮ್ಮ ಜಿಲ್ಲೆಯ ಮಾನ ಹೋಗುತ್ತದೆ ಎಂದು ಯಾರೋ ಬುದ್ಧಿ ಹೇಳಿದರು. ತನುಜ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮಾರನೇ ದಿನ ಗಂಗರಾಜು ಹಡಗಿನಿಂದ ಇಳಿಯುವಂತಿಲ್ಲ, ಪಾಯಿಂಟ್ ಸ್ಕೀಮಿನಲ್ಲಿ ಅವನ ಮೆಂಬರ್‌ಶಿಪ್ ಬಗ್ಗೆ ಕಂಪನಿಗೆ ಬರೆಯುವುದು ಎಂದು ತೀರ್ಮಾನವಾಯಿತು.

ಕೋನಪ್ಪ ಏಳಲಿಲ್ಲ. ಜನ ಚೆದುರಲಿ, ಸುನೀಲ್‌ಕುಮಾರನಿಗೆ ಒಬ್ಬನಿಗೇ ಹೇಳೋಣ ಎಂದುಕೊಂಡ. ಜನ ಚೆದುರಿದ ಮೇಲೆ, ಟೀ ಆಗಲಿ ಎಂದುಕೊಂಡ. ಟೀ ಆದ ಮೇಲೆ, ಈಗ ಹೇಳಿದರೆ ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರಲ್ಲ ಎಂಬ ಭಯ ಹಿಡಿಯಿತು. ಹೇಳದೆ ಕಳೆದ ಪ್ರತಿ ಗಂಟೆಯೂ ಹೇಳುವುದನ್ನು ಇನ್ನಷ್ಟು ಕಷ್ಟ ಮಾಡುತ್ತ ಹೋಯಿತು.

ಮೂರನೇ ದ್ವೀಪಕ್ಕೆ ಸಣ್ಣ ದೋಣಿಯಲ್ಲಿ ಹೋಗುವಾಗ ಅವನು ಒಮ್ಮೆ ಹಿಂದಿರುಗಿ ನೋಡಿದ. ಹಡಗಿನ ಕಂಬಿಯ ಹತ್ತಿರ ಗಂಗರಾಜು ನಿಂತಿದ್ದ. ತನುಜಳಿಗೆ ಇಳಿಯಲು ತಡೆ ಇರಲಿಲ್ಲ. ಆದರೂ ಅವಳು ಗಂಡನ ಪಕ್ಕದಲ್ಲೇ ನಿಂತಿದ್ದಳು. ಕೋನಪ್ಪನಿಗೆ ಆ ದ್ವೀಪ ಹೇಗಿತ್ತೆಂದು ಇಂದಿಗೂ ನೆನಪಿಲ್ಲ.

ಊರಿಗೆ ಬಂದು ನಾಲ್ಕು ದಿನಕ್ಕೆ ಆ ಫೋಟೋ ಪೇಂಟರುಗಳ ವಾಟ್ಸಾಪ್ ಗ್ರೂಪಿಗೆ ಬಂತು. ಅದರ ಕೆಳಗೆ ನಗುವ ಮುಖಗಳ ಸಾಲು. ಮಗಳು ಕವಿತ ಅದನ್ನು ತಾಯಿಗೆ ತೋರಿಸಿದಳು. ಚಿಕ್ಕವೆಂಕಟಮ್ಮ ಫೋನನ್ನು ಹತ್ತಿರ ಹಿಡಿದು ತುಂಬ ಹೊತ್ತು ನೋಡಿದಳು. ಮದುವೆಯಾದ ಹೊಸತರಲ್ಲಿ ಗಂಡ ಬರೆದ ಬೋರ್ಡುಗಳನ್ನು ನೋಡಲೆಂದೇ ಅವನ ಜೊತೆ ಸೈಕಲ್ಲಿನಲ್ಲಿ ಊರು ಸುತ್ತಿದ್ದವಳು ಅವಳು. ಗಂಡ ಊಟಕ್ಕೆ ಕುಳಿತಾಗ, ಮನೆಯಲ್ಲಿ ಆಡುವ ತೆಲುಗಿನಲ್ಲೇ ಕೇಳಿದಳು.

“ಅದಿ ನೀ ರಾತೇ ಕದಾ?”

ಅದು ನಿನ್ನ ಬರಹವೇ ಅಲ್ಲವೇ ಎಂದು. ಕೋನಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದ. ಅವಳು ಬೈಯಲಿಲ್ಲ. ಸೀರೆ ಒಣಹಾಕಿದ್ದಕ್ಕೇ ನಾನು ಒಂದು ದಿನ ತಲೆ ಎತ್ತಲಿಲ್ಲ, ನೀನು ಇಷ್ಟು ದಿನ ಹೇಗೆ ಊಟ ಮಾಡಿದೆ ಎಂದು ಮಾತ್ರ ಕೇಳಿದಳು.

ಅಷ್ಟಾದರೂ ಅವನು ಗಂಗರಾಜುವಿನ ಬಳಿಗೆ ಹೊರಡಲಿಲ್ಲ, ಇನ್ನೂ ಎರಡು ವಾರ ತಳ್ಳಿದ. ಅಷ್ಟರಲ್ಲಿ ಶಿಡ್ಲಘಟ್ಟದಲ್ಲಿ ಗಂಗರಾಜುವಿಗೆ ‘ಹಡಗು ಗಂಗರಾಜು’ ಎಂದು ಹೆಸರು ಬಿದ್ದಿತ್ತು. ಒಂದು ಕಲ್ಯಾಣ ಮಂಟಪಕ್ಕೆ ಬಣ್ಣ ಹೊಡೆಯುವ ಕೆಲಸ ಅವನಿಗೆ ಸಿಗುವುದಿತ್ತು. ನಮ್ಮ ಗೋಡೆಯ ಮೇಲೂ ಹೆಸರು ಬರೆದುಕೊಂಡು ಹೋಗುತ್ತೀಯೇನಪ್ಪ ಎಂದು ಯಜಮಾನರು ನಗುನಗುತ್ತ ಕೆಲಸವನ್ನು ಬೇರೆಯವರಿಗೆ ಕೊಟ್ಟರಂತೆ. ಈ ಸುದ್ದಿ ಬಣ್ಣದಂಗಡಿಯಲ್ಲಿ ಕಿವಿಗೆ ಬಿದ್ದ ದಿನ ಕೋನಪ್ಪ ಮನೆಗೂ ಹೋಗದೆ ನೇರವಾಗಿ ಶಿಡ್ಲಘಟ್ಟದ ಬಸ್ ಹತ್ತಿದ.

ರೇಷ್ಮೆಗೂಡಿನ ಮಾರ್ಕೆಟ್ಟಿನ ಹಿಂದೆ ಒಂದು ಹೊಸ ಮನೆಯಲ್ಲಿ ಗಂಗರಾಜು ಬಣ್ಣಕ್ಕೆ ಮೊದಲು ಗೋಡೆ ನುಣುಪಾಗಲೆಂದು ಪುಟ್ಟಿ ಎಳೆಯುತ್ತಿದ್ದ. ಕೋನಪ್ಪಣ್ಣ ಬಂದನಲ್ಲ ಎಂದು ಅವನಿಗೆ ಖುಷಿಯೇ ಆಯಿತು. ಆ ದಿನದ ನಂತರ ಹಡಗಿನಲ್ಲಿ ಜೊತೆಗಿದ್ದವರಲ್ಲಿ ಅವನನ್ನು ಹುಡುಕಿಕೊಂಡು ಬಂದವರು ಯಾರೂ ಇರಲಿಲ್ಲ. ಟೀ ತರಿಸುತ್ತೇನೆ ಎಂದ. ಕೋನಪ್ಪ ಬೇಡ ಎಂದು, ನಿಂತಲ್ಲೇ ಹೇಳಿದ.

“ಆ ದೋಣಿ ಮೇಲೆ ಬರ್ದಿದ್ದು ನಾನು ಕಣಪ್ಪ.”

ಗಂಗರಾಜು ಕೈಯಲ್ಲಿದ್ದ ಪುಟ್ಟಿಯನ್ನು ಗೋಡೆಯ ತುದಿಯವರೆಗೂ ಎಳೆದ. ಆಮೇಲೆ ಸ್ಟೂಲಿನಿಂದ ಇಳಿದ.

“ನೀನು ನನ್ ಪಕ್ಕದಾಗೇ ಕೂತಿದ್ದೆ.”

“ಹೂಂ.”

“ತನುಜ ಅಳ್ತಿದ್ದಿದ್ದು ನೀನು ನೋಡ್ದೆ.”

“ನೋಡ್ದೆ.”

ಕೋನಪ್ಪ ಮೇಷ್ಟ್ರ ವಿಷಯ ಹೇಳಿದ. ಗೌರಿಬಿದನೂರಿನ ರಸ್ತೆಯಲ್ಲಿ ಅವರ ಒಂದು ಅಕ್ಷರವೂ ಉಳಿಯದಿದ್ದದ್ದು, ದೋಣಿಯ ಮೇಲಿನ ಆ ಗೆರೆ, ಎಲ್ಲವನ್ನೂ ಹೇಳಿದ. ಹೇಳುತ್ತ ಹೇಳುತ್ತ ಅದೆಲ್ಲ ನೆಪದಂತೆ ಅವನ ಕಿವಿಗೇ ಕೇಳಿಸಿತು. ಗಂಗರಾಜು ಪೂರ್ತಿ ಕೇಳಿಸಿಕೊಂಡ.

“ನಿಮ್ ಮೇಷ್ಟ್ರು ಒಳ್ಳೇವ್ರೇ ಇರ್ಬೋದಣ್ಣ. ಆದ್ರೆ ನಂಗ್ಯಾಕೆ ಹೇಳ್ತಿದ್ದೀಯ? ನಾನು ಬರ್ದಿಲ್ಲ ಅಂತ ನಂಗೆ ಮೊದ್ಲಿಂದಾನೂ ಗೊತ್ತು. ಗೊತ್ತಿಲ್ದಿರೋರಿಗೆ ಹೇಳು, ಹೋಗು.”

ಮತ್ತೆ ಸ್ಟೂಲು ಹತ್ತಿದ. ಕೋನಪ್ಪ ಮೆಟ್ಟಿಲಿಳಿದು ಬಂದು, ಮಾರ್ಕೆಟ್ಟಿನ ಕಾಂಪೌಂಡಿಗೆ ಒರಗಿ ನಿಂತು, ಪೇಂಟರುಗಳ ಗ್ರೂಪಿಗೆ ದನಿಯಲ್ಲೇ ಸಂದೇಶ ಕಳಿಸಿದ. ಮೂರು ಸಲ ಶುರುಮಾಡಿ ಅಳಿಸಿದ. ನಾಲ್ಕನೆಯದರಲ್ಲಿ ಮೇಷ್ಟ್ರ ಹೆಸರನ್ನು ಎತ್ತಲಿಲ್ಲ. ಬರೆದವನು ಚಿಂತಾಮಣಿಯ ಕೋನಪ್ಪ, ಗಂಗರಾಜುವಿನದು ಏನೂ ತಪ್ಪಿಲ್ಲ, ಹಡಗಿನಲ್ಲಿ ನಾನು ಬಾಯಿ ಮುಚ್ಚಿಕೊಂಡು ಕುಳಿತಿದ್ದೆ ಎಂದಷ್ಟೇ ಹೇಳಿದ. ಆಮೇಲೆ ಸುನೀಲ್‌ಕುಮಾರನಿಗೂ ಫೋನ್ ಮಾಡಿ ಹೇಳಿದ. ಅವನು ನೀವಾ ಅಣ್ಣ ಎಂದು ಕೇಳಿದ ಆ ದನಿ ಕೋನಪ್ಪನಿಗೆ ಬೈಗುಳಕ್ಕಿಂತ ಜೋರಾಗಿ ತಾಕಿತು.

ಕಂಪನಿಯವರು ಕೋನಪ್ಪನ ಮೆಂಬರ್‌ಶಿಪ್ ತೆಗೆದುಹಾಕಿ, ಗಂಗರಾಜುವಿನದನ್ನು ಉಳಿಸಿದರು. ಕಲ್ಯಾಣ ಮಂಟಪದ ಕೆಲಸ ಅಷ್ಟರಲ್ಲಿ ಮುಗಿದೇಹೋಗಿತ್ತು. ದ್ವೀಪದವರಿಗೂ ಕೋನಪ್ಪ ಒಂದು ಕಾಗದ ಬರೆದ. ನನ್ನ ಖರ್ಚಿನಲ್ಲಿ ಬಂದು ಹಲಗೆ ಉಜ್ಜಿ ಬಣ್ಣ ಹೊಡೆದುಕೊಡುತ್ತೇನೆ, ಅಪ್ಪಣೆ ಕೊಡಿ ಎಂದು. ಕವಿತ ಅದನ್ನು ಇಂಗ್ಲಿಷಿಗೆ ಮಾಡಿದಳು, ಸುನೀಲ್‌ಕುಮಾರ್ ಹಡಗಿನವರ ಮೂಲಕ ತಲುಪಿಸಿದ. ಒಂದೂವರೆ ತಿಂಗಳಾದ ಮೇಲೆ ಉತ್ತರ ಬಂತು. ಮುದುಕರು ತಾವೇ ಆ ಜಾಗವನ್ನು ಉಜ್ಜಿ ಕಪ್ಪು ಬಳಿದಿದ್ದರು, ನೀವು ಬರಬೇಕಾಗಿಲ್ಲ ಎಂದಿದ್ದರು. ಹೊರಗಿನವರನ್ನು ಚಪ್ಪರದೊಳಗೆ ಬಿಡುವುದನ್ನು ಊರಿನವರು ನಿಲ್ಲಿಸಿದ್ದಾರೆ ಎಂದು ಕೊನೆಯಲ್ಲಿ ಒಂದು ಸಾಲು ಇತ್ತು. ಆ ಸಾಲನ್ನು ಕೋನಪ್ಪ ಮಗಳಿಂದ ಎರಡು ಸಲ ಓದಿಸಿದ. ಇನ್ನು ಮುಂದೆ ಎಷ್ಟೋ ಜನ ಆ ಬಿಳಿ ಗೆರೆಯನ್ನು ನೋಡಲಾರರು, ಅದಕ್ಕೆ ಕಾರಣ ತಾನು ಎನ್ನುವುದು ಅವನಿಗೆ ಮಿಕ್ಕ ಎಲ್ಲಕ್ಕಿಂತ ಭಾರವಾಯಿತು.

ಈ ವರ್ಷ ಚಿಕ್ಕಬಳ್ಳಾಪುರದಲ್ಲಿ ಬೇರೊಂದು ಕಂಪನಿಯವರು ಪೇಂಟರುಗಳ ಸಭೆ ಮಾಡಿದರು. ಕೋನಪ್ಪ ಹೋಗುವಷ್ಟರಲ್ಲಿ ಕುರ್ಚಿಗಳೆಲ್ಲ ತುಂಬಿದ್ದವು. ಖಾಲಿ ಇದ್ದದ್ದು ಗಂಗರಾಜುವಿನ ಪಕ್ಕದ್ದು ಒಂದೇ. ಗಂಗರಾಜು ಕುರ್ಚಿಯ ಮೇಲಿಟ್ಟಿದ್ದ ಚೀಲವನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡ. ಮುಂದಿನ ಸಾಲಿನಲ್ಲಿದ್ದ ಬಾಗೇಪಲ್ಲಿ ಕಡೆಯ ಒಬ್ಬ ಪೇಂಟರ್ ತಿರುಗಿ, ಹಡಗು ಗಂಗರಾಜು ಅಂದರೆ ನೀವೇ ಅಲ್ಲವೇ, ದೋಣಿಯ ಮೇಲೆ ಹೆಸರು ಬರೆದವರು ಎಂದು ಕೇಳಿದ. ಗ್ರೂಪಿನಲ್ಲಿ ಕೋನಪ್ಪನ ದನಿಯನ್ನು ಅವನು ಕೇಳಿಸಿಕೊಂಡಿರಲಿಲ್ಲ. ಗಂಗರಾಜು ವೇದಿಕೆಯ ಕಡೆ ನೋಡುತ್ತ ಕುಳಿತ.

“ಬರ್ದೋನು ನಾನಪ್ಪ, ಇವ್ರಲ್ಲ,” ಎಂದ ಕೋನಪ್ಪ.

ಆ ಪೇಂಟರ್ ಇಬ್ಬರ ಮುಖವನ್ನೂ ನೋಡಿದ, ಏನೂ ಅರ್ಥವಾಗದೆ ಮುಂದಕ್ಕೆ ತಿರುಗಿದ. ಊಟದ ಹೊತ್ತಿಗೆ ಮತ್ತೊಬ್ಬರು ಅದನ್ನೇ ಕೇಳಿದರು. ಕೋನಪ್ಪ ಕೈ ತೊಳೆದುಕೊಂಡು ಬಂದು, ಅವರಿಗೂ ಮೊದಲಿನಿಂದ ಹೇಳಿದ.